ಗೌರಿಯ ಸೊನ್ನೆ ಲೀಟರ್: ಫ್ಲಾಸ್ಕ್‌ನಲ್ಲಿ ಜೇಸನ್ ಓದುವ ಬಗೆ

ಊರಲ್ಲಿ ಅಮ್ಮನ ಹತ್ತಿರ ನಾಲ್ಕು ಹಸು ಇವೆ. ಯಾವ ಹಸು ಎಷ್ಟು ಹಾಲು ಕೊಟ್ಟಿತು ಅಂತ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದರು. ಅದನ್ನು ಫೋನಿಗೆ ತರೋಣ ಅಂತ ಫ್ಲಾಸ್ಕ್‌ನಲ್ಲಿ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಬರೆಯುವ ಸಾಧನ) ಒಂದು ಸಣ್ಣ ಆ್ಯಪ್ ಬರೆದೆ. ಫೋನಿನ ಪುಟ ಹಸುವಿನ ಹೆಸರು, ಲೀಟರ್ ಎರಡನ್ನೂ ಜೇಸನ್ (ಮಾಹಿತಿಯನ್ನು ಅಕ್ಷರದಲ್ಲಿ ಬರೆದು ಕಳಿಸುವ ಒಂದು ರೂಪ) ಮಾಡಿ ಕಳಿಸುತ್ತದೆ. ಸರ್ವರ್ ಬರೆದಿಟ್ಟುಕೊಳ್ಳುತ್ತದೆ.

ಜೇಸನ್ ಓದಲು ರಿಕ್ವೆಸ್ಟ್.ಗೆಟ್_ಜೇಸನ್() ಸಾಕು. ರಿಕ್ವೆಸ್ಟ್.ಫಾರ್ಮ್‌ನಲ್ಲಿ ಹುಡುಕಬೇಡಿ, ಅಲ್ಲಿ ಏನೂ ಇರುವುದಿಲ್ಲ. ನನಗೆ ಮೊದಲ ದಿನವೇ 415 ಬಂತು, ಅಂದರೆ ‘ಈ ಬಗೆಯ ಮಾಹಿತಿ ಒಪ್ಪುವುದಿಲ್ಲ’ ಅನ್ನುವ ಎರರ್. ಪುಟದಿಂದ ಸರ್ವರ್‌ಗೆ ಕಳಿಸುವ ಫೆಚ್‌ಗೆ ಬರೀ ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ಟರೆ ಬ್ರೌಸರ್ ಕಂಟೆಂಟ್-ಟೈಪ್ ಹೆಡರ್ (ಕಳಿಸಿದ್ದು ಯಾವ ಬಗೆ ಅಂತ ಹೇಳುವ ಸಾಲು) ಅನ್ನು ಟೆಕ್ಸ್ಟ್/ಪ್ಲೇನ್ ಅಂತ ಹಾಕುತ್ತದೆ. ಫ್ಲಾಸ್ಕ್ ಅದನ್ನು ಒಪ್ಪುವುದಿಲ್ಲ. ಗೆಟ್_ಜೇಸನ್‌ಗೆ ಫೋರ್ಸ್=ಟ್ರೂ ಅಂತ ಕೊಟ್ಟು ತಪ್ಪಿಸಿಕೊಳ್ಳಬಹುದು, ಆದರೆ ಬೇಡ. ಫೆಚ್‌ನಲ್ಲೇ ಹೆಡರ್ ಅನ್ನು ಅಪ್ಲಿಕೇಶನ್/ಜೇಸನ್ ಅಂತ ಸರಿ ಮಾಡಿ. ಸೈಲೆಂಟ್=ಟ್ರೂ ಇನ್ನೂ ಕೆಟ್ಟದ್ದು. ತಪ್ಪು ಜೇಸನ್ ಬಂದರೂ ಸುಮ್ನೆ None (ಪೈಥಾನ್‌ನಲ್ಲಿ ‘ಏನೂ ಇಲ್ಲ’) ಕೊಟ್ಟು ಕೂರುತ್ತದೆ. ಅದಿಲ್ಲದಿದ್ದರೆ ಫ್ಲಾಸ್ಕ್ ತಾನೇ 400 (ಕಳಿಸಿದ್ದು ತಪ್ಪು ಅನ್ನುವ ಎರರ್) ಕಳಿಸುತ್ತದೆ.

ಬಂದದ್ದು ಡಿಕ್ಟ್ (ಕೀ, ಅದರ ಬೆಲೆ ಎಂಬ ಜೋಡಿಗಳ ಗುಂಪು) ಹೌದಾ ಅಂತ ಇಸ್‌ಇನ್‌ಸ್ಟೆನ್ಸ್‌ನಿಂದ ನೋಡಿ. ಬರೀ ಲಿಸ್ಟ್ ಕೂಡ ಸರಿಯಾದ ಜೇಸನ್ನೇ. ಅದರ ಮೇಲೆ .ಗೆಟ್() ಕರೆದರೆ 500 (ಸರ್ವರ್‌ನದೇ ತಪ್ಪು ಅನ್ನುವ ಎರರ್) ಬರುತ್ತದೆ, ತಪ್ಪು ಕಳಿಸಿದವರದ್ದಾದರೂ ನಿಮ್ಮ ಸರ್ವರ್ ಕೆಟ್ಟಂತೆ ಕಾಣುತ್ತದೆ.

ನಾನು ಜಾಸ್ತಿ ಹೊತ್ತು ತಲೆ ಕೆಡಿಸಿಕೊಂಡದ್ದು ಲೀಟರ್ ವಿಷಯಕ್ಕೆ. ಗೌರಿ ಗಬ್ಬ, ಹಾಲು ನಿಂತಿದೆ. ಅಮ್ಮ 0 ಅಂತ ಹಾಕಿದರೆ ಆ್ಯಪ್ "ಲೀಟರ್ ಹಾಕಿಲ್ಲ" ಅನ್ನುತ್ತಿತ್ತು. ಇಫ್ ನಾಟ್ ಅಂತ ಬರೆದಿದ್ದೆ, ಪೈಥಾನ್‌ಗೆ ಅಲ್ಲಿ ಸೊನ್ನೆಯೂ ಇಲ್ಲದಿರುವುದೂ ಒಂದೇ. ಕೀ ಇದೆಯಾ ಅಂತ ‘ಇನ್’ನಿಂದ ಕೇಳಿ.

ಆಮೇಲೆ ಒಂದು ದಿನ ನಾಲ್ಕೂ ಹಸುವಿಗೆ ನಲ್ (ಜೇಸನ್‌ನ ‘ಏನೂ ಇಲ್ಲ’) ಬಂತು. ಅಮ್ಮ ಕನ್ನಡ ಕೀಬೋರ್ಡ್‌ನಲ್ಲಿ ೭.೫ ಅಂತ ಒತ್ತಿದ್ದರು! ಬ್ರೌಸರ್‌ನ ನಂಬರ್()ಗೆ ಕನ್ನಡ ಅಂಕಿ ಗೊತ್ತಿಲ್ಲ, ನ್ಯಾನ್ (NaN, ‘ಇದು ಸಂಖ್ಯೆಯಲ್ಲ’) ಅನ್ನುತ್ತದೆ. ಜೇಸನ್‌ನಲ್ಲಿ ನ್ಯಾನ್ ಇಲ್ಲ, ಹಾಗಾಗಿ ಜೇಸನ್ ಮಾಡುವ ಸ್ಟ್ರಿಂಗಿಫೈ ಅದನ್ನು ನಲ್ ಮಾಡಿಬಿಡುತ್ತದೆ. ಮಜಾ ಅಂದರೆ ಪೈಥಾನ್‌ನ ಫ್ಲೋಟ್()ಗೆ ಕನ್ನಡ ಅಂಕಿ ಚೆನ್ನಾಗಿಯೇ ಬರುತ್ತದೆ. ಈಗ ಫೋನು ಅಮ್ಮ ಒತ್ತಿದ್ದನ್ನು ಹಾಗೇ ಸ್ಟ್ರಿಂಗ್ ಆಗಿ ಕಳಿಸುತ್ತದೆ. ಸರ್ವರ್ ಅದನ್ನು ಟ್ರೈ ಒಳಗೆ ಫ್ಲೋಟ್ ಮಾಡುತ್ತದೆ. ಟೈಪ್‌ಎರರ್, ವ್ಯಾಲ್ಯೂಎರರ್ ಎರಡನ್ನೂ ಹಿಡಿದು 400 ಕೊಡಿ. ನಂತರ ಲೀಟರ್ 0ಯಿಂದ 40ರ ಒಳಗಿದೆಯಾ ಅಂತ ನೋಡಿ. ಸೊನ್ನೆಗಿಂತ ಕಮ್ಮಿಯಾ ಅಂತ ಮಾತ್ರ ಕೇಳಬೇಡಿ. ಯಾರಾದರೂ "ನ್ಯಾನ್" ಅಂತ ಇಂಗ್ಲಿಷಿನಲ್ಲಿ ಕಳಿಸಿದರೆ ಫ್ಲೋಟ್ ಒಪ್ಪಿಕೊಳ್ಳುತ್ತದೆ, ಅದು ಯಾವುದಕ್ಕಿಂತಲೂ ಕಮ್ಮಿಯೂ ಅಲ್ಲ, ಜಾಸ್ತಿಯೂ ಅಲ್ಲ.

ಉತ್ತರಕ್ಕೆ ಡಿಕ್ಟ್ ರಿಟರ್ನ್ ಮಾಡಿದರೆ ಫ್ಲಾಸ್ಕ್ ಅದನ್ನೇ ಜೇಸನ್ ಮಾಡುತ್ತದೆ. ಕರ್ಲ್‌ನಲ್ಲಿ (ಟರ್ಮಿನಲ್‌ನಿಂದ ಸರ್ವರ್‌ಗೆ ಕೇಳುವ ಸಾಧನ) ನೋಡಿದಾಗ ಮಾತ್ರ ಗೌರಿಯ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್, ಯು, ಒಂದಷ್ಟು ಅಂಕಿ ಕಂಡು ಗಾಬರಿಯಾದೆ. ಹೆಸರು ಕೆಟ್ಟಿರಲಿಲ್ಲ, ಬ್ರೌಸರ್ ಅದನ್ನು ಸರಿಯಾಗಿಯೇ ತೋರಿಸುತ್ತದೆ. ಕಣ್ಣಿಗೆ ಕನ್ನಡವೇ ಕಾಣಬೇಕು ಅಂದರೆ ಫ್ಲಾಸ್ಕ್ 2.2ರಿಂದ ಆ್ಯಪ್.ಜೇಸನ್.ಎನ್‌ಶ್ಯೂರ್_ಆಸ್ಕಿ ಫಾಲ್ಸ್ ಅಂತ ಇಡಿ.

ಗೋಡೆ ಕ್ಯಾಲೆಂಡರ್ ಅಂತೂ ಇನ್ನೂ ಅಲ್ಲೇ ಇದೆ. ಕರೆಂಟ್ ಹೋದ ದಿನಕ್ಕೆ ಇರಲಿ ಅಂತಾರೆ ಅಮ್ಮ.