ಒಂಟಿ ಹಿರಿಯರ ಮನೆಗೆ 112 ಬೇಗ ತಲುಪಬೇಕಾದರೆ

ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ, ಓಣಿಯ ಹಳೆ ಮನೆಯಲ್ಲಿ ಮುತ್ಯಾ-ಆಯಿ ಇಬ್ಬರೇ. ಕಲಬುರಗಿಯಲ್ಲಿ ಇಂಥ ಮನೆಗಳು ಕಡಿಮೆಯೇನಲ್ಲ. ತುರ್ತು ನಂಬರು 112ಕ್ಕೆ ಕರೆ ಮಾಡಿ, ಪೊಲೀಸ್ ಅಥವಾ ಅಗ್ನಿಶಾಮಕ ವಾಹನ ಊರೊಳಗೆ ಬಂದ ಮೇಲೂ ವಿಳಾಸ ಸಿಗದೆ, ಬಾಗಿಲು ತೆರೆಯದೆ ನಿಮಿಷಗಳು ಸೋರಿಹೋಗುತ್ತವೆ. ಅದಕ್ಕೆ ಮನೆಯವರೇ ಮಾಡಿಡಬೇಕಾದ ಕೆಲಸಗಳಿವೆ.

ಮೊದಲು ಠಾಣೆ. ಹಿರಿಯ ನಾಗರಿಕರ 2007ರ ಕಾಯ್ದೆಯಡಿಯ ನಿಯಮಗಳ ಪ್ರಕಾರ ಪ್ರತಿ ಠಾಣೆಯೂ ಒಂಟಿ ಹಿರಿಯರ ಪಟ್ಟಿ ಇಟ್ಟುಕೊಂಡು, ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು. ಯಾರಾದರೂ ಬರಲಿ ಎಂದು ಕಾಯದೆ ನೀವೇ ಹೋಗಿ ಹೆಸರು, ವಯಸ್ಸು, ಕಾಯಿಲೆ, ಮಕ್ಕಳ ನಂಬರು, ಕೀಲಿ ಇಟ್ಟುಕೊಂಡಿರುವ ಪಕ್ಕದ ಮನೆಯವರ ನಂಬರು ಬರೆಸಿ. ಮಗ ಸಿಮ್ ಬದಲಿಸಿದ ದಿನ ಠಾಣೆಯಲ್ಲೂ ಬದಲಿಸಬೇಕು. ಹಳೆ ನಂಬರಿನ ಪಟ್ಟಿಯಿಂದ ಯಾರಿಗೂ ಪ್ರಯೋಜನವಿಲ್ಲ. ಬರುವಾಗ ಬೀಟ್ ಪೊಲೀಸರ ಮತ್ತು ಠಾಣೆಯ ಸ್ಥಿರ ದೂರವಾಣಿ ನಂಬರು ಕೇಳಿ ತನ್ನಿ.

ಆ ಸ್ಥಿರ ದೂರವಾಣಿ ಏಕೆ ಮುಖ್ಯವೆಂದರೆ, ಪುಣೆಯಲ್ಲಿ ಕೂತ ಮಗ 112 ಒತ್ತಿದರೆ ಕರೆ ಮಹಾರಾಷ್ಟ್ರದ ನಿಯಂತ್ರಣ ಕೊಠಡಿಗೆ ಹೋಗುತ್ತದೆ, ಕರ್ನಾಟಕಕ್ಕಲ್ಲ. ಹೊರರಾಜ್ಯದ ಮಕ್ಕಳು ಕಲಬುರಗಿಯ ಠಾಣೆಗೇ ನೇರ ಮಾಡಬೇಕು, ಇಲ್ಲವೇ ಪಕ್ಕದ ಮನೆಯವರಿಂದ 112 ಮಾಡಿಸಬೇಕು. ಕರೆಯಲ್ಲಿ ಮೊದಲು ಸ್ಥಳ, ಆಮೇಲೆ ಕಷ್ಟ: ಬಡಾವಣೆ, ಓಣಿ, ಹತ್ತಿರದ ಗುಡಿ ಅಥವಾ ದರ್ಗಾ, ಮನೆ ಬಣ್ಣ. ಗಾಬರಿಯಲ್ಲಿ ಸ್ವಂತ ವಿಳಾಸವೂ ನೆನಪಾಗುವುದಿಲ್ಲ, ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿಡಿ.

ಬಾಗಿಲಿಗೆ ಒಳಗಿನಿಂದ ಮೂರು ಚಿಲಕ ಹಾಕಿ ಮಲಗಿದರೆ ಕಳ್ಳನಂತೆ ರಕ್ಷಕನೂ ಹೊರಗೇ. ಹೊರಗಿನಿಂದ ಕೀಲಿಯಲ್ಲಿ ತೆರೆಯುವ ಒಂದು ಗಟ್ಟಿ ಬೀಗ ಸಾಕು, ಎರಡನೇ ಕೀಲಿ ಪಕ್ಕದ ಮನೆಯಲ್ಲಿರಲಿ. ಬಚ್ಚಲು ಮನೆಯ ಚಿಲಕ ಹಾಕಲೇಬೇಡಿ. ಜಾರಿ ಬಿದ್ದವರು ಎದ್ದು ತೆಗೆಯಲಾರರು.

ನಮ್ಮ ಕಡೆ ಬೇಸಿಗೆಯ ದೊಡ್ಡ ಅಪಾಯ ತಗಡಿನ ಕೂಲರ್. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು. ವೈರಿಂಗ್ ಅದಲುಬದಲಾಗಿದ್ದರೆ ಒಳಗೆ ಕರೆಂಟ್ ಉಳಿದೇ ಇರುತ್ತದೆ. ಪ್ಲಗ್ ಕಿತ್ತು, ಚಪ್ಪಲಿ ಹಾಕಿಕೊಂಡು ತುಂಬಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸಿದರೆ ಅರ್ಥಿಂಗ್ ತಪ್ಪುತ್ತದೆ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಶಾಕ್ ತಗುಲಿ ಅಂಟಿಕೊಂಡವರನ್ನು ಮುಟ್ಟಬೇಡಿ, ಮೊದಲು ಮೇನ್ ಆರಿಸಿ.

ವಯಸ್ಸಾದಂತೆ ಮೂಗು ಮಂದವಾಗುತ್ತದೆ, ಗ್ಯಾಸ್ ವಾಸನೆ ತಿಳಿಯದೇ ಹೋಗಬಹುದು. ಹಾಗಾಗಿ ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವುದು ರೂಢಿಯಾಗಬೇಕು, 5 ವರ್ಷಕ್ಕೊಮ್ಮೆ ಪೈಪ್ ಬದಲಿಸಬೇಕು. ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ಸೋರಿದಾಗ ಲೈಟು ಹಾಕುವುದೂ ಬೇಡ, ಆರಿಸುವುದೂ ಬೇಡ. ಬಾಗಿಲು ತೆರೆದು ಹೊರಗೆ ನಿಂತು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ, ಬೆಂಕಿ ಹತ್ತಿದ್ದರೆ 112 ಅಥವಾ 101ಕ್ಕೆ ಕರೆ ಮಾಡಿ. ಸೊಳ್ಳೆ ಬತ್ತಿ ಮಂಚದ ಕೆಳಗೆ ಬೇಡ.

ವಿಡಿಯೊ ಕಾಲ್‌ನಲ್ಲಿ ‘ನಿಮಗೆ ಡಿಜಿಟಲ್ ಅರೆಸ್ಟ್ ಆಗಿದೆ’ ಎಂದು ಹೆದರಿಸಿ ದುಡ್ಡು ಕೇಳುವವನು ಪೊಲೀಸನಲ್ಲ, ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ದುಡ್ಡು ಹೋಗಿದ್ದರೆ ನಾಚಿಕೊಂಡು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಇನ್ನು ಕಾಟ ಕೊಡುವವರು ಮನೆಯವರೇ ಆದರೆ ಸಹಾಯವಾಣಿ 14567 ಇದೆ. ಮಕ್ಕಳಿಂದ ಜೀವನಾಂಶ ಪಡೆಯಲು ನಿಮ್ಮ ಉಪವಿಭಾಗದ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಜಿಲ್ಲೆಯಲ್ಲಿ ಉಪವಿಭಾಗಗಳು ಕಲಬುರಗಿ ಮತ್ತು ಸೇಡಂ. ವಕೀಲರು ಬೇಕಿಲ್ಲ. ಹಿರಿಯರನ್ನು ಬೇಕೆಂದೇ ಬಿಟ್ಟುಹೋಗುವುದು 3 ತಿಂಗಳವರೆಗೆ ಜೈಲಾಗಬಹುದಾದ ಅಪರಾಧ. ಹೊಲ-ಮನೆ ಬರೆದುಕೊಡುವವರು ಮಾತ್ರ ‘ಕೊನೆತನಕ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಬೇಕು, ಅದಿಲ್ಲದಿದ್ದರೆ ಆಮೇಲೆ ರದ್ದು ಮಾಡಿಸುವುದು ಕಷ್ಟ.