ಮೊದಲು ತಬಲಾದವರ ಲಕೋಟೆ

ಹನ್ನೆರಡು ವರ್ಷದ ಹಿಂದಿನ ಮಾತು. ಚಿತ್ರದುರ್ಗದ ಕಡೆ ಒಂದು ಊರಿಗೆ ಹಾಡಲು ಹೋಗಿದ್ದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಸಂಭಾವನೆ ಮಾತ್ರ 'ಆಮೇಲೆ ಕಳಿಸ್ತೀವ್ರಿ' ಅಂದರು, ಕಳಿಸಲಿಲ್ಲ. ವಾಪಸ್ ದಾವಣಗೆರೆಯಲ್ಲಿ ಇಳಿದಾಗ ಸಾಥಿದಾರರಿಗೆ, ಅಂದರೆ ಜೊತೆಗೆ ನುಡಿಸಿದವರಿಗೆ, ನನ್ನ ಕೈಯಿಂದಲೇ ಕೊಡಲು ಹೋದೆ. ತಬಲಾದವರು ಅರ್ಧ ಇಟ್ಟುಕೊಂಡು ಉಳಿದದ್ದನ್ನು ಮಡಚಿ ನನ್ನ ಚೀಲಕ್ಕೇ ಹಾಕಿದರು. ಅವರ ಮನೆಯಲ್ಲೂ ಮಕ್ಕಳಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಶಿಷ್ಯೆಯೊಬ್ಬಳ ತಂದೆ ಮಂಡಿಪೇಟೆ ವ್ಯಾಪಾರಿ. 'ವರ್ಷಕ್ಕೆ ಕೈಗೆಷ್ಟು ಉಳೀತದ್ರಿ ಮೇಡಂ?' ಅಂತ ಒಮ್ಮೆ ಕೇಳಿದರು. ಉತ್ತರ ಗೊತ್ತಿರಲಿಲ್ಲ. ಒಂದು ಖಾತೆ ಪುಸ್ತಕ ತಂದುಕೊಟ್ಟು, ಪಾಠದ ದುಡ್ಡು, ಸಂಗೀತ ಕಛೇರಿ ದುಡ್ಡು ಬೇರೆ ಬೇರೆ ಬರೆಯಿರಿ ಅಂದರು. ಒಂದು ವರ್ಷ ಬರೆದೆ. ನಾನು ಕಛೇರಿಯಿಂದ ಬದುಕುತ್ತಿದ್ದೇನೆ ಅಂದುಕೊಂಡಿದ್ದೆ. ಓಡಾಟದ ಖರ್ಚು ಕಳೆದರೆ ಕಛೇರಿ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಮನೆ ನಡೆಸಿದ್ದು ಪಾಠ.

ಪಾಠಕ್ಕೂ ಒಂದು ಕಾಯಿಲೆ ಇತ್ತು. ಫೆಬ್ರವರಿ ಬಂತೆಂದರೆ ಪರೀಕ್ಷೆ ಅಂತ ಮಕ್ಕಳು ಬಿಡುತ್ತಾರೆ, ಎಸ್ಸೆಸ್ಸೆಲ್ಸಿಯವರು ಆಮೇಲೆ ಬರುವುದೇ ಇಲ್ಲ. ಜೂನ್‌ವರೆಗೆ ಕೈ ಖಾಲಿ. ಅದಕ್ಕೇ ಬೆಳಗ್ಗೆ ಹತ್ತೂವರೆಗೆ ಗೃಹಿಣಿಯರಿಗೆ, ನಿವೃತ್ತರಿಗೆ ಬೇರೆ ತರಗತಿ ಶುರು ಮಾಡಿದೆ. ಐವತ್ತೆಂಟನೇ ವಯಸ್ಸಿನಲ್ಲಿ ಭೂಪ ರಾಗ ಕಲಿಯಲು ಬಂದವರು ಪರೀಕ್ಷೆಗೆ ಬಿಡುವುದಿಲ್ಲ. ನನ್ನ ಬೇಸಿಗೆ ದಾಟುವುದು ಅವರಿಂದ. 'ಮೂರು ತಿಂಗಳಲ್ಲಿ ಸ್ಟೇಜಿಗೆ ಹತ್ತಿಸ್ತೀರಾ?' ಎಂದು ಕೇಳುವ ಪೋಷಕರಿಗೆ ಇಲ್ಲ ಅಂತ ನೇರವಾಗಿ ಹೇಳುವ ಧೈರ್ಯ ಬಂದದ್ದೂ ಅವರಿಂದಲೇ.

ದುಡ್ಡಿನ ಮಾತಾಡಿದರೆ ಸಂಗೀತಕ್ಕೆ ಮೈಲಿಗೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗದಗಿನಲ್ಲಿ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿ, ಊರೂರಲ್ಲಿ ತುಲಾಭಾರಕ್ಕೆ ಕೂತು, ಬಂದದ್ದರಲ್ಲಿ ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಮಧ್ಯ ಕರ್ನಾಟಕದಲ್ಲಿ ಹಿಂದೂಸ್ತಾನಿ ಹಾಡುವ ನಾವೆಲ್ಲ ಒಂದಲ್ಲ ಒಂದು ರೀತಿ ಆ ಅನ್ನದ ಋಣದವರು.

ಆರು ವರ್ಷದ ಹಿಂದೆ ಬೈಠಕ್, ಅಂದರೆ ಮನೆಯಲ್ಲೇ ಕೂತು ಕೇಳುವ ಸಣ್ಣ ಕಛೇರಿ, ಶುರು ಮಾಡಿದೆ. ಅರವತ್ತು ಮನೆ, ಮನೆಗೆ ವರ್ಷಕ್ಕೆ 1,500 ರೂಪಾಯಿ, ಮುಂಗಡ. ಒಟ್ಟು 90,000. ವರ್ಷಕ್ಕೆ ಎಂಟು ಬೈಠಕ್. ಹಾಡುವವರು, ತಬಲಾ, ಹಾರ್ಮೋನಿಯಂ, ಕೊನೆಗೆ ಮಂಡಕ್ಕಿ-ಚಹಾ ಸೇರಿ ಒಂದಕ್ಕೆ 11,000ದೊಳಗೆ ಮುಗಿಯಬೇಕು. ವಿದ್ಯಾನಗರದಲ್ಲಿ ಒಬ್ಬರ ಮನೆಯ ಹಾಲ್, ಮೈಕ್ ಇಲ್ಲ. ಅರವತ್ತು ಮನೆ ಕೂಡಿಸಲು ಎರಡು ವರ್ಷ ಬೇಕಾಯಿತು. ಮೊದಲ ವರ್ಷ ಹತ್ತೊಂಬತ್ತೇ ಇದ್ದವು, ಕೊರತೆ ಪಾಠದ ಖಾತೆಯಿಂದ ತುಂಬಿದೆ. ಉಚಿತ ಪಾಸ್ ಮಾತ್ರ ಯಾರಿಗೂ ಕೊಡಲಿಲ್ಲ, ನನ್ನ ತಮ್ಮನಿಗೂ.

ಸಾಥಿದಾರರ ಲಕೋಟೆ ಹಾಡುವುದಕ್ಕೆ ಮುಂಚೆಯೇ ಅವರ ಕೈಗೆ ಹೋಗುತ್ತದೆ. ಹೊರಗಿನ ಕಾರ್ಯಕ್ರಮವಾದರೆ ಮೂವರ ಸಂಭಾವನೆಯನ್ನೂ ಬೇರೆ ಬೇರೆ ಬರೆದು ವಾಟ್ಸಾಪ್ ಕಳಿಸುತ್ತೇನೆ. ಅರ್ಧ ಮುಂಗಡ ಬಾರದೆ ತಾರೀಖು ಗಟ್ಟಿಯಿಲ್ಲ. ಇದರಿಂದ ಕೆಲವು ಕರೆಗಳು ನಿಂತವು. ನಿಲ್ಲಲಿ.

ಹೋದ ತಿಂಗಳ ಬೈಠಕ್‌ಗೆ ಮಾರ್ವಾ ಹಾಡಿದೆ. ಆ ರಾಗದಲ್ಲಿ ಪಂಚಮವೇ, ಅಂದರೆ 'ಪ' ಸ್ವರವೇ, ಇಲ್ಲ. ಅದಕ್ಕೇ ಎಲ್ಲರೂ ಕೂತ ಮೇಲೆ ತಂಬೂರಿಯ ಮೊದಲ ತಂತಿಯನ್ನು ಪಂಚಮದಿಂದ ನಿಷಾದಕ್ಕೆ ('ನಿ') ಏರಿಸಿದೆ. ಬಿರಡೆ ತಿರುಗಿಸಿದರೆ ತಂತಿ ಮೊದಲು ಸುಮ್ಮನೆ ಒರಲುತ್ತದೆ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ, ದನಿಗೆ ಝೇಂಕಾರ ಕೊಡುವ ಜವಾರಿ ದಾರವನ್ನು ಉಗುರಿನಿಂದ ಕೂದಲೆಳೆಯಷ್ಟು ಸರಿಸಿದೆ, ಇನ್ನಷ್ಟು ಸರಿಸಿದೆ. ಒಂದು ಜಾಗಕ್ಕೆ ಬಂದಾಗ ದನಿ ತೆರೆದುಕೊಂಡಿತು. ಹತ್ತು ನಿಮಿಷವಾದರೂ ಹಿಡಿದಿರಬೇಕು, ಯಾರೂ ಗಡಿಯಾರ ನೋಡಲಿಲ್ಲ. ಉತ್ಸವದ ವೇದಿಕೆಯಲ್ಲಿ ನನಗೆ ಸಿಗುತ್ತಿದ್ದುದು ಇಪ್ಪತ್ತು ನಿಮಿಷ, ಅದರಲ್ಲೇ ವಚನ, ದಾಸರ ಪದ ಎರಡೂ ಆಗಬೇಕು. ಅವತ್ತು ನಿಧಾನ ಗತಿಯ ವಿಲಂಬಿತ್ ಒಂದನ್ನೇ ಐವತ್ತು ನಿಮಿಷ ಹಾಡಿದೆ.

ಮುಗಿದ ಮೇಲೆ ಬೆಳಗಿನ ತರಗತಿಯ ಹಿರಿಯರೊಬ್ಬರು ಬಂದು ಷಡ್ಜಕ್ಕೆ, ಅಂದರೆ 'ಸ'ಕ್ಕೆ, ಯಾಕೆ ಅಷ್ಟು ಹೊತ್ತು ಬರಲಿಲ್ಲ ಅಂತ ಕೇಳಿದರು. ತಬಲಾದವರು ಅದೇ ಹಳೆಯ ತಬಲಾದವರು. ಸುತ್ತಿಗೆ ಚೀಲಕ್ಕೆ ಹಾಕುತ್ತಾ, 'ಮುಂದಿನ ಸಲ ಝೂಮ್ರಾ ತಾಳದಾಗೆ ಹಾಡ್ರಿ' ಅಂದರು.