ನೇರಳೆಯ ಬಣ್ಣವನ್ನು ಒಡೆದದ್ದು ಬ್ಯಾಕ್ಟೀರಿಯಾವೇ ಎಂದು ಖಚಿತಪಡಿಸಿಕೊಳ್ಳುವ ಬಗೆ

ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ ಆಂಥೋಸಯನಿನ್. ಅದರ ಗಣನೀಯ ಪಾಲು ರಕ್ತಕ್ಕೆ ಸೇರದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಮೊದಲು ಅದಕ್ಕೆ ಅಂಟಿದ ಸಕ್ಕರೆಯನ್ನು ಕಳಚುತ್ತವೆ, ಆಮೇಲೆ ಉಳಿದ ಅಣುವಿನ ಉಂಗುರ ಒಡೆಯುತ್ತದೆ. ಇದನ್ನು ನಾನು ಪ್ರಯೋಗಾಲಯದ ಬಾಟಲಿಗಳಲ್ಲಿ ಗಮನಿಸುತ್ತೇನೆ.

ಹಣ್ಣಿನ ಸಾರವನ್ನು ಹಾಗೆಯೇ ಬಾಟಲಿಗೆ ಸುರಿಯುವುದಿಲ್ಲ. ಅದರಲ್ಲಿರುವ ಸಕ್ಕರೆಯನ್ನು ಬ್ಯಾಕ್ಟೀರಿಯಾ ಹುದುಗಿಸಿದರೆ ದ್ರಾವಣ ಹುಳಿಯಾಗಿ, ಬಣ್ಣ ಮತ್ತೆ ಕೆಂಪೇರುತ್ತದೆ. ಆಗ ಅಳತೆಗೆ ಅರ್ಥವೇ ಇರುವುದಿಲ್ಲ. ಹಾಗಾಗಿ ಬಣ್ಣವನ್ನು ಹಿಡಿದಿಡುವ ಪುಡಿ ತುಂಬಿದ ಪುಟ್ಟ ಕೊಳವೆಗೆ, ಅಂದರೆ ಸಿ-18 ಕಾರ್ಟ್ರಿಡ್ಜ್‌ಗೆ ಸಾರ ಹಾಯಿಸಿ, ಆಮ್ಲ ಬೆರೆಸಿದ ನೀರಿನಿಂದ ಸಕ್ಕರೆಯನ್ನು ತೊಳೆದು, ಮೆಥನಾಲ್‌ನಿಂದ ಬಣ್ಣವನ್ನು ಇಳಿಸಿಕೊಳ್ಳುತ್ತೇನೆ. ಮೆಥನಾಲ್ ಆವಿಯಾಗಿಸಿದ ಮೇಲೆಯೇ ಅದರ ಬಳಕೆ.

ಕರುಳಿನ ಬ್ಯಾಕ್ಟೀರಿಯಾ ನನಗೆ ಸಿಗುವುದು ಮಲದಿಂದ. ಮಲದ ಮಾದರಿಯನ್ನು ಕೊಡುವವರು ಕಳೆದ ಮೂರು ತಿಂಗಳಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಮಾದರಿಯನ್ನು ದೊಡ್ಡ ಕರುಳಿನಂತೆ ಆಮ್ಲಜನಕವಿಲ್ಲದ, ಹುಳಿಮಟ್ಟ ಬದಲಾಗದಂತೆ ಕಾಯುವ ಬಫರ್‌ನಲ್ಲಿ ಕದಡಿ, ಆ ಬಣ್ಣವನ್ನು ಬೆರೆಸಿ, ರಬ್ಬರ್ ಬಿರಡೆಯ ಬಾಟಲಿಯಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇನೆ. ಆಮ್ಲಜನಕ ನುಸುಳಿದೆಯೇ ಎಂಬುದನ್ನು ತಿಳಿಯಲು ಪ್ರತ್ಯೇಕ ಬಾಟಲಿಯೊಂದರಲ್ಲಿ ಆಮ್ಲಜನಕ ತಾಕಿದರೆ ಗುಲಾಬಿಯಾಗುವ ರೆಸಜುರಿನ್ ಎಂಬ ಸೂಚಕ ಇರುತ್ತದೆ. ಗುಲಾಬಿ ಛಾಯೆ ಕಂಡರೆ ಆ ಸರದಿಯ ಬಾಟಲಿಗಳನ್ನೆಲ್ಲ ಬಿಟ್ಟುಬಿಡುತ್ತೇನೆ.

ನನ್ನ ಮಟ್ಟಿಗೆ ಇಡೀ ಕೆಲಸದ ಪ್ರಾಣವಿರುವುದು ಪಕ್ಕದ ಇನ್ನೊಂದು ಬಾಟಲಿಯಲ್ಲಿ. ಅದರಲ್ಲಿರುವುದೂ ಅದೇ ಮಲದ ದ್ರಾವಣ, ಆದರೆ ಒತ್ತಡದ ಹಬೆಯ ಪಾತ್ರೆಯಾದ ಆಟೊಕ್ಲೇವ್‌ನಲ್ಲಿ ಬೇಯಿಸಿ ಬ್ಯಾಕ್ಟೀರಿಯಾವನ್ನು ಕೊಂದ ಮೇಲೆ ಬಣ್ಣ ಬೆರೆಸಿದ್ದು. ಹುಳಿಯೂ ಕ್ಷಾರವೂ ಅಲ್ಲದ ತಟಸ್ಥ ಪಿಎಚ್‌ನಲ್ಲಿ ಆಂಥೋಸಯನಿನ್ ತಾನಾಗಿಯೂ ಮಂಕಾಗುತ್ತದೆ, ಕೊಳೆಯುತ್ತದೆ. ಈ ಜೋಡಿ ಬಾಟಲಿ ಇಲ್ಲದ ಫಲಿತಾಂಶವನ್ನು ನಾನು ನಂಬುವುದೇ ಇಲ್ಲ. ಕೆಲವು ಗಂಟೆಗಳ ನಂತರ ಎರಡರಿಂದಲೂ ಸಿರಿಂಜ್‌ನಲ್ಲಿ ಸ್ವಲ್ಪ ತೆಗೆದು ಆಮ್ಲ ಬೆರೆತ ಮೆಥನಾಲ್‌ಗೆ ಬಿಡುತ್ತೇನೆ. ಒಡೆಯದೆ ಉಳಿದ ಬಣ್ಣ ಆಮ್ಲದಲ್ಲಿ ಕೆಂಪಾಗುವುದರಿಂದ ಬೇಯಿಸಿದ ಬಾಟಲಿಯ ಹನಿ ಮತ್ತೆ ಕೆಂಪಗೆ ಅರಳುತ್ತದೆ. ಜೀವಂತ ಬಾಟಲಿಯದು ಕಂದು ಛಾಯೆಯಲ್ಲೇ ಉಳಿಯುತ್ತದೆ. ಈ ವ್ಯತ್ಯಾಸ ಕಂಡಾಗಲೆಲ್ಲ ಮನಸ್ಸು ಹಿಗ್ಗುತ್ತದೆ.

ಕಣ್ಣಿಗೆ ಕಂಡದ್ದನ್ನು, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿ ಲೆಕ್ಕಕ್ಕೆ ತರುತ್ತದೆ: ಬಣ್ಣಕ್ಕೆ 520 ನ್ಯಾನೋಮೀಟರ್ ತರಂಗಾಂತರದ ಬೆಳಕು, ಒಡೆದ ತುಣುಕುಗಳಿಗೆ 280. ನೇರಳೆಯ ಆಂಥೋಸಯನಿನ್ ಬಗೆಗಳಲ್ಲಿ ಡೆಲ್ಫಿನಿಡಿನ್‌ನಿಂದ ಗ್ಯಾಲಿಕ್ ಆಮ್ಲವೂ ಮಾಲ್ವಿಡಿನ್‌ನಿಂದ ಸಿರಿಂಜಿಕ್ ಆಮ್ಲವೂ ಹುಟ್ಟುತ್ತವೆ. ಗ್ಯಾಲಿಕ್ ಆಮ್ಲ ಹಣ್ಣಿನಲ್ಲೇ ಇರುತ್ತದೆ, ಮೇಲಾಗಿ ಕೆಲವು ಬ್ಯಾಕ್ಟೀರಿಯಾ ಅದನ್ನು ಪೈರೊಗ್ಯಾಲಾಲ್ ಎಂಬ ಬೇರೆ ರಾಸಾಯನಿಕವಾಗಿಸುತ್ತವೆ. ಆದ್ದರಿಂದ ಸಿರಿಂಜಿಕ್ ಆಮ್ಲದ ಏರಿಕೆಯೇ ನನಗೆ ಹೆಚ್ಚು ಭರವಸೆಯ ಸುಳಿವು.

ಹಲವರ ಮಾದರಿಗಳನ್ನು ಒಟ್ಟಿಗೆ ಬೆರೆಸುವ ಪದ್ಧತಿಯೂ ಉಂಟು. ನಾನು ಬೆರೆಸುವುದಿಲ್ಲ. ಒಬ್ಬರ ಬ್ಯಾಕ್ಟೀರಿಯಾ ಬೇಗನೆ ಮುಗಿಸುವ ಬಣ್ಣವನ್ನು ಇನ್ನೊಬ್ಬರವು ಮರುದಿನದವರೆಗೂ ಉಳಿಸಿರುತ್ತವೆ. ನನಗೆ ಬೇಕಾದದ್ದು ಆ ವ್ಯತ್ಯಾಸವೇ.